ಕೆರೆಯಂಚಿನ ನೆಲಹಿಪ್ಪಲಿ ಬಾಲ್ಕನಿಗೂ ಬರಲಿ

ಹೈದರಾಬಾದ್: 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ನಗರ ತತ್ತರಿಸಿದಾಗ ಇಲ್ಲಿಗೆ ಕರೆ ಬಂದದ್ದು ಕನ್ನಡನಾಡಿನ ಎಂ. ವಿಶ್ವೇಶ್ವರಯ್ಯನವರಿಗೆ. ಅವರ ಸಲಹೆಯಂತೆ ಪ್ರವಾಹ ತಡೆಗೆಂದು ಕಟ್ಟಿದ ಉಸ್ಮಾನ್ ಸಾಗರ 1920ರಲ್ಲಿ ಪೂರ್ಣಗೊಂಡಿತು. ಇಂಥ ಜಲಾಶಯಗಳನ್ನು ಹೆಮ್ಮೆಯಿಂದ ನೋಡುವ ಕನ್ನಡಿಗರು, ಕೆರೆಯಂಚಿನ ಹಸಿಮಣ್ಣಿನಲ್ಲಿ ನೆಲಕ್ಕಂಟಿ ಹಬ್ಬುವ ನೆಲಹಿಪ್ಪಲಿಯನ್ನು ಗಮನಿಸಿರುವುದು ಕಡಿಮೆ.

ಇದು ವರ್ಷದಿಂದ ವರ್ಷಕ್ಕೆ ಬಾಳುವ ಸಸ್ಯ. ಸಂಸ್ಕೃತದಲ್ಲಿ ಜಲಪಿಪ್ಪಲಿ, ಶಾಸ್ತ್ರೀಯವಾಗಿ ಫೈಲಾ ನೋಡಿಫ್ಲೋರಾ. ತಮಿಳರ ಮನೆಗಳಲ್ಲಿ ಪೊಡುತಲೈ ಎಂಬ ಹೆಸರಿನಿಂದ ತಲೆಹೊಟ್ಟಿನ ಎಣ್ಣೆಗೆ ಬಳಕೆಯಾಗುತ್ತದೆ. ಅಡುಗೆಮನೆಯ ಹಿಪ್ಪಲಿಗೂ ಇದಕ್ಕೂ ಸಂಬಂಧವಿಲ್ಲ. ಹೂಗೊಂಚಲು ಉದ್ದವಾದಾಗ ಹಾಗೆ ಕಾಣುತ್ತದೆ, ಅಷ್ಟೆ.

ಈ ಗಿಡವನ್ನು ನೆಚ್ಚಿದ ಅತಿಥಿ ಪೀಕಾಕ್ ಪ್ಯಾನ್ಸಿ ಚಿಟ್ಟೆ. ಕಿತ್ತಳೆ ಬಣ್ಣದ ರೆಕ್ಕೆಯ ಮೇಲೆ ನವಿಲುಗರಿಯಂಥ ಕಣ್ಣು. ಮಳೆಗಾಲದಲ್ಲಿ ರೆಕ್ಕೆಯ ಕೆಳಭಾಗದಲ್ಲೂ ಕಣ್ಣುಗಳಿರುತ್ತವೆ. ಒಣ ದಿನಗಳಲ್ಲಿ ಹುಟ್ಟಿದ ಚಿಟ್ಟೆ ರೆಕ್ಕೆ ಮಡಚಿದರೆ ತರಗೆಲೆಯೇ ಸರಿ. ಇದರ ಮರಿಹುಳು ತಿನ್ನುವ ಕೆಲವೇ ಗಿಡಗಳಲ್ಲಿ ನೆಲಹಿಪ್ಪಲಿಯೂ ಒಂದು. ಕೆರೆಯಂಚಿಗೆ ಕಲ್ಲು ಕಟ್ಟಿ ಲಾನ್ ಹಾಸಿದರೆ ನೋಡಲು ಚೆಂದ. ಆದರೆ ಆ ಹುಲ್ಲು ಈ ಹುಳುವಿಗೆ ಆಹಾರವಲ್ಲ. ಮರಿಗೆ ಮೇವಿಲ್ಲದ ಕಡೆ ಚಿಟ್ಟೆ ನೆಲೆಸದು.

ಫ್ಲ್ಯಾಟಿನ ಬಾಲ್ಕನಿಯಲ್ಲೂ ಇದನ್ನು ಬೆಳೆಸಬಹುದು. ಅಗಲವಾದ ಟಬ್ಬಿಗೆ ಕೆರೆಮಣ್ಣು, ಸ್ವಲ್ಪ ಗೊಬ್ಬರ ತುಂಬಿ, ಗೆಣ್ಣಿರುವ ನಾಲ್ಕೈದು ತುಂಡುಗಳನ್ನು ಊರಿದರೆ ಗೆಣ್ಣುಗಳಲ್ಲಿ ಬೇರು ಬಿಡುತ್ತದೆ. ಅರ್ಧ ದಿನವಾದರೂ ಬಿಸಿಲು ಬೇಕು. ಮಣ್ಣು ಸದಾ ಒದ್ದೆಯಾಗಿರಲಿ, ಆದರೆ ಮೇಲೆ ನೀರು ನಿಲ್ಲದಿರಲಿ; ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಬಳ್ಳಿ ಬೇಗ ಹಬ್ಬುವುದರಿಂದ ಆಗಾಗ ಕತ್ತರಿಸುತ್ತಿರಬೇಕು.

ತುಂಡುಗಳನ್ನು ಬೆಳೆಸಿದವರಿಂದ ಪಡೆಯುವುದು ಒಳಿತು. 2016ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ ಅಮೀನ್‌ಪುರ ಕೆರೆಯಂಥ ಕಡೆ ಗಿಡ ಕೀಳಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಎಲೆ ತೂತಾಯಿತೆಂದು ಕೀಟನಾಶಕ ಹೊಡೆಯಬಾರದು. ಮುಳ್ಳುಮುಳ್ಳಾದ ಕಪ್ಪು ಹುಳು ಕಂಡರೆ ಗಿಡ ಕೆಟ್ಟಿಲ್ಲ, ನೆಟ್ಟ ಕೆಲಸ ಕೈಗೂಡಿದೆ ಎಂದೇ ಅರ್ಥ. ಸಂಘದ ಸಮಾರಂಭಗಳಲ್ಲಿ ಶಾಲು, ಹಾರದ ಜೊತೆಗೆ ನೆಲಹಿಪ್ಪಲಿಯ ಪುಟ್ಟ ಕುಂಡವೊಂದನ್ನು ನೀಡಿದರೆ ಒಂದು ಮನೆಯ ಬಳ್ಳಿ ಹತ್ತು ಮನೆಗೆ ಹಬ್ಬೀತು.