ಡಾಕ್ ಹಡ್ಸನ್ ಹಿಂದಿನ ಅಸಲಿ ಕಾರು

‘ಕಾರ್ಸ್’ ಸಿನಿಮಾದ ಡಾಕ್ ಹಡ್ಸನ್ ನೆನಪಿದ್ದಾನಾ? ಸಿನಿಮಾದ ನಾಯಕ, ರೇಸ್ ಕಾರು ಮೆಕ್ವೀನ್‌ಗೆ ಮಣ್ಣಿನ ಟ್ರ್ಯಾಕಿನಲ್ಲಿ ತಿರುವು ಕಲಿಸಿದ ಆ ನೀಲಿ ಕಾರು ಬರೀ ಕಲ್ಪನೆಯಲ್ಲ. ಅದು ಅಮೆರಿಕದ 1951ರ ಹಡ್ಸನ್ ಹಾರ್ನೆಟ್!

ಈ ಕಾರು ಹತ್ತುವಾಗ ಕಾಲನ್ನು ಒಂದು ಮೆಟ್ಟಿಲು ಕೆಳಗಿಡಬೇಕು. ಯಾಕೆಂದರೆ ಅದರ ನೆಲವನ್ನು ಚಾಸಿಯ, ಅಂದರೆ ಅಡಿಯ ಚೌಕಟ್ಟಿನ, ಮೇಲೆ ಕೂರಿಸದೆ, ಅದರ ನಡುವೆ ತಗ್ಗಿಗೆ ಇಳಿಸಿದ್ದರು. ಭಾರವೆಲ್ಲ ಕೆಳಗಿದ್ದದ್ದರಿಂದ ವೇಗದ ತಿರುವಿನಲ್ಲೂ ಹಿಡಿತ ತಪ್ಪುತ್ತಿರಲಿಲ್ಲ. ಬಾನೆಟ್ ಅಡಿ ಐದು ಲೀಟರಿನ, ಆರು ಸಿಲಿಂಡರ್ ಎಂಜಿನ್. ಎಂಟು ಸಿಲಿಂಡರಿನ ವಿ-8 ಕಾರುಗಳನ್ನೇ ಹಿಂದಿಕ್ಕಿ, ಅಮೆರಿಕದ ನಾಸ್ಕಾರ್ ಕಾರ್ ರೇಸ್ ಸರಣಿಯಲ್ಲಿ 1952ರ 34 ರೇಸುಗಳ ಪೈಕಿ 27ನ್ನು ಹಡ್ಸನ್ ಗೆದ್ದಿತು.

ರೇಸ್ ಚಾಲಕ ಹರ್ಬ್ ಥಾಮಸ್ ಓಡಿಸಿದ 92ನೇ ನಂಬರಿನ ಕಾರಿನ ಮೈಮೇಲೆ ‘ಫ್ಯಾಬ್ಯುಲಸ್ ಹಡ್ಸನ್ ಹಾರ್ನೆಟ್’ ಎಂದು ಬರೆದಿತ್ತು. ಸಿನಿಮಾ ತಯಾರಿಸಿದ ಪಿಕ್ಸಾರ್ ಆ ಹೆಸರನ್ನು ಹಾಗೇ ಉಳಿಸಿಕೊಂಡು, ಡಾಕ್‌ಗೆ 51ನೇ ನಂಬರ್ ಕೊಟ್ಟಿತು. ಸಿನಿಮಾ ಇನ್ನೊಮ್ಮೆ ನೋಡಿ, ಈ ಸಲ ಡಾಕ್‌ನನ್ನೇ ಗಮನಿಸಿ!