ಡೊಂಕು ಎಲುಬಿನದೋ, ಚಿತ್ರದ್ದೋ?

ನಾಯಿಬಾಲದ ಡೊಂಕಿನ ಬಗ್ಗೆ ಗಾದೆ ಹೇಳುವವರು ನಾವು. ಆ ಡೊಂಕಿನಿಂದ ನಾಯಿಗೆ ನಷ್ಟವೇನೂ ಇಲ್ಲ. ತೊಡೆಯೆಲುಬು ಡೊಂಕಾದರೆ ಮಾತ್ರ ಅದರ ನಡೆಯೇ ಕೆಡುತ್ತದೆ.

ಪೊಮರೇನಿಯನ್‌ನಂತಹ ಸಣ್ಣ ಜಾತಿಯ ನಾಯಿ ಓಡುತ್ತಿರುವಾಗ ತಟ್ಟನೆ ಹಿಂಗಾಲೊಂದನ್ನೆತ್ತಿ, ನಾಲ್ಕು ಹೆಜ್ಜೆ ಕುಂಟಿ, ಮತ್ತೆ ಏನೂ ಆಗದಂತೆ ಓಡುವುದುಂಟು. ಆಟವೆಂದು ನಗುವವರೇ ಹೆಚ್ಚು. ಆದರೆ ಬಹಳ ಸಲ ಅದು ಮೊಣಕಾಲ ಚಿಪ್ಪು ತನ್ನ ತೋಡಿನಿಂದ ಒಳಮಗ್ಗುಲಿಗೆ ಜಾರಿದ ಲಕ್ಷಣ. ಪಶುವೈದ್ಯರು ಇದರಲ್ಲಿ ನಾಲ್ಕು ದರ್ಜೆಗಳನ್ನು ಗುರುತಿಸುತ್ತಾರೆ. ಮೊದಲನೆಯದರಲ್ಲಿ ಒತ್ತಿದರೆ ಜಾರಿದ ಚಿಪ್ಪು ಬಿಟ್ಟೊಡನೆ ಮರಳುತ್ತದೆ. ನಾಲ್ಕನೆಯದರಲ್ಲಿ ಕೈಯಿಂದ ಕೂರಿಸಲೂ ಆಗದು.

ತೋಡನ್ನು ಆಳಗೊಳಿಸುವುದೇ ಮೊದಲಾದ ಶಸ್ತ್ರಕ್ರಿಯೆಗಳು ರೂಢಿಯಲ್ಲಿವೆ. ಆದರೆ ತೊಡೆಯೆಲುಬೇ ಬಿಲ್ಲಿನಂತೆ ಬಾಗಿದ್ದರೆ ಚಿಪ್ಪು ಮತ್ತೆ ಜಾರಬಹುದು. ಬಾಗು ಹೆಚ್ಚಿದ್ದರೆ ಎಲುಬನ್ನು ಕತ್ತರಿಸಿ, ನೇರಮಾಡಿ, ಲೋಹದ ಪಟ್ಟಿಯಿಂದ ಬಿಗಿಯಬೇಕಾಗುತ್ತದೆ.

ಬಾಗನ್ನು ಅಳೆಯುವುದು ಕ್ಷ-ಕಿರಣ ಚಿತ್ರದ ಮೇಲೆ. ಎಲುಬಿನ ನಡುವೆ ಉದ್ದಕ್ಕೆ ಒಂದು ಗೆರೆ, ಮೊಣಕಾಲ ಬಳಿಯ ಎರಡು ಉಬ್ಬುಗಳ ತಳಕ್ಕೆ ತಾಗುವಂತೆ ಇನ್ನೊಂದು ಗೆರೆ. ಇವೆರಡರ ನಡುವಣ ಹೊರಮಗ್ಗುಲ ಕೋನವು ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂತಹ ದೊಡ್ಡ ಜಾತಿಗಳಲ್ಲಿ ಸಾಮಾನ್ಯವಾಗಿ 94ರಿಂದ 98 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. 102 ದಾಟಿದರೆ ಎಲುಬು ಕತ್ತರಿಸುವ ಯೋಚನೆ ಹಲವು ಶಸ್ತ್ರವೈದ್ಯರಿಗೆ ಬರುತ್ತದೆ. ಅಂದರೆ ನಾಲ್ಕೈದು ಡಿಗ್ರಿಯಲ್ಲೇ ನಾಯಿಯ ಕಾಲಿನ ತೀರ್ಮಾನ!

ಮೋಸವಿರುವುದು ಇಲ್ಲೇ. ನೋಯುವ ಕಾಲನ್ನು ನಾಯಿ ನೀಡಿ ಮಲಗದು. ತೊಡೆ ಸ್ವಲ್ಪ ಮೇಲೆದ್ದರೂ, ಹೊರಳಿದರೂ ನೇರವಾದ ಎಲುಬು ಚಿತ್ರದಲ್ಲಿ ಡೊಂಕಾಗಿ ಕಾಣುತ್ತದೆ. ಆದ್ದರಿಂದಲೇ ಮಂಪರು ಬರಿಸಿ, ಅಂಗಾತ ಮಲಗಿಸಿ ಚಿತ್ರ ತೆಗೆಯುತ್ತಾರೆ. ಮೊಣಕಾಲ ಹಿಂದೆ ಕಡಲೆಯಂತಹ ಎರಡು ಪುಟ್ಟ ಎಲುಬುಗಳಿವೆ. ತೊಡೆಯೆಲುಬಿನ ಅಂಚು ಇವೆರಡನ್ನೂ ಸರಿಯಾಗಿ ಅರ್ಧಕ್ಕೆ ಸೀಳಿದಂತೆ ಕಂಡರೆ ಕಾಲು ಹೊರಳಿಲ್ಲವೆಂಬುದಕ್ಕೆ ಅದೊಂದು ಸಾಕ್ಷಿ.

1971ರಲ್ಲಿ ಮೊದಲ ಬಾರಿ ಮನುಷ್ಯ ರೋಗಿಯ ಮೇಲೆ ಬಳಸಲಾದ, ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರ ಇಂದು ನಾಯಿಗಳಿಗೂ ಒದಗಿದೆ. ಅದರಲ್ಲಿ ಎಲುಬಿನ ರೂಪವನ್ನು ಪರದೆಯ ಮೇಲೆ ಬೇಕಾದಂತೆ ತಿರುಗಿಸಿ ಅಳೆಯಬಹುದು. ಬಾಗಿನ ಜೊತೆಗೆ ತಿರುಚನ್ನೂ ಕಾಣಬಹುದು. ಆದರೆ ಅದು ಎಲ್ಲ ಕಡೆ ಸಿಗದು, ಖರ್ಚೂ ಹೆಚ್ಚು.

ಆದ್ದರಿಂದ ಎಲುಬು ಕತ್ತರಿಸಬೇಕೆಂಬ ಮಾತು ಬಂದಾಗ ಮನೆಯವರು ವೈದ್ಯರಲ್ಲಿ ವಿನಯದಿಂದಲೇ ಕೇಳಬಹುದು: "ಚಿತ್ರ ನೇರವಾಗಿ ಬಂದಿದೆಯೇ? ಇನ್ನೊಮ್ಮೆ ತೆಗೆದು ನೋಡಬಹುದೇ?" ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದ ಪ್ರಾಣಿಯ ಪರವಾಗಿ ಇಷ್ಟು ಕೇಳುವುದು ಸಾಕಿದವರ ಕರ್ತವ್ಯ.