ಅಡುಗೆ ಸಾಮಗ್ರಿಗಳ ತೂಕ ಮತ್ತು ಅಳತೆ: ಗ್ರಾಹಕರ ಮಾಹಿತಿಗಾಗಿ

ಮೈಸೂರು ನಗರದ ದೇವರಾಜ ಮೊಹಲ್ಲಾದ ದಿನಸಿ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಸಕ್ಕರೆಗಳು ಕಿಲೋಗ್ರಾಂ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಮನೆಗೆ ತಲುಪಿದ ಬಳಿಕ ಅದೇ ಅಕ್ಕಿಯನ್ನು ಪಾವಿನಲ್ಲಿಯೋ ಲೋಟದಲ್ಲಿಯೋ ಅಳೆಯಲಾಗುತ್ತದೆ. ತೂಕವು ಪದಾರ್ಥದ ಭಾರವನ್ನೂ, ಅಳತೆಯು ಅದು ತುಂಬುವ ಜಾಗವನ್ನೂ ಸೂಚಿಸುವುದರಿಂದ, ಒಂದನ್ನು ಮತ್ತೊಂದಕ್ಕೆ ಪರಿವರ್ತಿಸಲು ಎಲ್ಲ ಪದಾರ್ಥಗಳಿಗೂ ಅನ್ವಯಿಸುವ ಒಂದೇ ಲೆಕ್ಕವಿರುವುದಿಲ್ಲ. ಇದನ್ನು ಅರಿಯದಿದ್ದಲ್ಲಿ ಅಡುಗೆ ಕೆಡುವುದಲ್ಲದೆ ಖರೀದಿಯಲ್ಲಿ ಹಣವೂ ನಷ್ಟವಾಗುವ ಸಂಭವವಿದೆ.

ಹಳೆಯ ಮೈಸೂರು ಭಾಗದಲ್ಲಿ ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಒಂದು ಅಚ್ಚೇರು, ನಾಲ್ಕು ಪಾವಿಗೆ ಒಂದು ಸೇರು ಎಂಬ ಲೆಕ್ಕವಿತ್ತು. ಸೇರು ಎಂಬ ಹೆಸರು ಅಳತೆಗೂ ತೂಕಕ್ಕೂ ಸಲ್ಲುತ್ತಿದ್ದುದೇ ಗೊಂದಲಕ್ಕೆ ಮೂಲ. ತೂಕದಲ್ಲಿಯೂ ಎರಡು ಬಗೆ: 24 ತೊಲದ ಕಚ್ಚಾ ಸೇರು ಸುಮಾರು 280 ಗ್ರಾಂ, 80 ತೊಲದ ಸೇರು ಸುಮಾರು 933 ಗ್ರಾಂ. 1956ರ ಅಧಿನಿಯಮದನ್ವಯ 1958ರಿಂದ ಹಂತ ಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂದಿತು. ಪ್ರಸ್ತುತ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮವು 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದಾಗ್ಯೂ ಕಡಲೆಪುರಿಯನ್ನು ಜನರು ಇಂದಿಗೂ ಸೇರಿನ ಲೆಕ್ಕದಲ್ಲಿಯೇ ಕೇಳುತ್ತಾರೆ. ಮನೆಯ ಹಳೆಯ ಹಿತ್ತಾಳೆ ಪಾವನ್ನು ಅಡುಗೆಗೆ ಬಳಸಲು ಯಾವ ಅಡ್ಡಿಯೂ ಇಲ್ಲ. ವ್ಯಾಪಾರಕ್ಕೆ ಮಾತ್ರ ಅದು ಸಲ್ಲದು.

200 ಮಿಲಿಲೀಟರ್ ಹಿಡಿಯುವ ಲೋಟವನ್ನು ಮಟ್ಟಸವಾಗಿ ತುಂಬಿದಲ್ಲಿ ಅಕ್ಕಿ ಅಥವಾ ಸಕ್ಕರೆ ಸುಮಾರು 165ರಿಂದ 170 ಗ್ರಾಂ, ಗೋಧಿ ಹಿಟ್ಟು 100ರಿಂದ 120 ಗ್ರಾಂ, ಕರಗಿದ ತುಪ್ಪ ಸುಮಾರು 180 ಗ್ರಾಂ, ಹಾಲು 206 ಗ್ರಾಂ, ಜೇನುತುಪ್ಪ ಸುಮಾರು 280 ಗ್ರಾಂ ತೂಗುತ್ತವೆ. ಹಿಟ್ಟಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಜರಡಿ ಹಿಡಿದ ಹಿಟ್ಟು ಕಡಿಮೆ ತೂಗುತ್ತದೆ, ಅದುಮಿ ತುಂಬಿದ ಹಿಟ್ಟು ಹೆಚ್ಚು ತೂಗುತ್ತದೆ. ಲೋಟದ ಮೇಲೆ ರಾಶಿ ನಿಲ್ಲಿಸಿದಲ್ಲಿ ಯಾವ ಲೆಕ್ಕವೂ ಹೊಂದುವುದಿಲ್ಲ. ಆದುದರಿಂದ ಮನೆಯಲ್ಲಿ ನಿತ್ಯ ಬಳಸುವ ಪಾವು ಅಥವಾ ಲೋಟದಲ್ಲಿ ಪ್ರತಿಯೊಂದು ಪದಾರ್ಥವನ್ನು ಒಮ್ಮೆ ಅಳೆದು, ತೂಗಿ, ಬರೆದಿಟ್ಟುಕೊಳ್ಳುವುದು ಯಾವುದೇ ಸಿದ್ಧ ಪಟ್ಟಿಗಿಂತ ಮೇಲು.

ಹಣದ ನಷ್ಟ ಹೆಚ್ಚಾಗಿ ಸಂಭವಿಸುವುದು ಖಾದ್ಯ ತೈಲದಲ್ಲಿ. ಒಂದು ಲೀಟರ್ ಎಣ್ಣೆ ಒಂದು ಕಿಲೋಗ್ರಾಂ ಅಲ್ಲ, ಸುಮಾರು 910 ಗ್ರಾಂ ಮಾತ್ರ. ಉದಾಹರಣೆಗೆ, ಲೀಟರಿಗೆ 150 ರೂಪಾಯಿ ಹಾಗೂ ಕಿಲೋಗ್ರಾಂಗೆ 160 ರೂಪಾಯಿ ದರದ ಎರಡು ಪೊಟ್ಟಣಗಳಿವೆ ಎಂದಿಟ್ಟುಕೊಂಡರೆ, ಮೊದಲನೆಯದು ಅಗ್ಗವೆಂದು ತೋರುತ್ತದೆ. 150ನ್ನು 0.910ರಿಂದ ಭಾಗಿಸಿದಾಗ ಅದರ ದರ ಕಿಲೋಗ್ರಾಂಗೆ ಸುಮಾರು 165 ರೂಪಾಯಿ ಆಗುತ್ತದೆ. ಎಣ್ಣೆಯು ಬಿಸಿಯಾದಂತೆ ಹಿಗ್ಗುವುದರಿಂದ, ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 919 ಗ್ರಾಂ ಇದ್ದರೆ, 60 ಡಿಗ್ರಿಯಲ್ಲಿ ಸುಮಾರು 893 ಗ್ರಾಂ ಮಾತ್ರ ಇರುತ್ತದೆ. ಕೆಲವು ಪೊಟ್ಟಣಗಳ ಮೇಲೆ ಹೆಚ್ಚಿನ ಉಷ್ಣಾಂಶವನ್ನು ನಮೂದಿಸಿ ಲೀಟರ್ ತೋರಿಸಲಾಗುತ್ತಿದ್ದ ಕಾರಣ, ಉಷ್ಣಾಂಶದ ಉಲ್ಲೇಖವನ್ನು ಕೈಬಿಟ್ಟು ತೂಕವನ್ನೂ ನಮೂದಿಸುವಂತೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಆಗಸ್ಟ್‌ನಲ್ಲಿ ತಯಾರಕರಿಗೆ ಸೂಚಿಸಿ, 2023ರ ಜನವರಿ 15ರವರೆಗೆ ಕಾಲಾವಕಾಶ ನೀಡಿತ್ತು. ಗ್ರಾಹಕರು ಖರೀದಿಗೆ ಮುನ್ನ ಪೊಟ್ಟಣದ ಮೇಲಿನ ಗ್ರಾಂ ಸಂಖ್ಯೆಯನ್ನೇ ಹೋಲಿಸಿ ನೋಡುವುದು.

ಬಿಡಿಯಾಗಿ ಕೊಳ್ಳುವಾಗ ತಕ್ಕಡಿ, ತೂಕದ ಬಟ್ಟು ಹಾಗೂ ಲೀಟರ್ ಅಳತೆಗಳ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವುದನ್ನು ಪರಿಶೀಲಿಸುವುದು. ಕೊರತೆ ಕಂಡುಬಂದಲ್ಲಿ ಇಲಾಖೆಯ ನಿರೀಕ್ಷಕರಿಗೆ ಲಿಖಿತ ದೂರು ಸಲ್ಲಿಸಬಹುದು, ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ದೂರಿನೊಂದಿಗೆ ರಸೀದಿಯನ್ನು ಲಗತ್ತಿಸುವುದು.